ತಿರುಗಿ ಬರುವ ತಾಯಂದಿರು

ಮೊದಲು ಊದಿಕೊಂಡಿದ್ದು ಕಾಲು. ಈ ಪರದೇಶದ ಸೌತ್‌ಫೀಲ್ಡ್‌ನ ಆಫೀಸಿನಲ್ಲಿ ದಿನವಿಡೀ ಕೂತೇ ಇರುತ್ತೇನಲ್ಲ, ಅದಕ್ಕೇ ಇರಬೇಕೆಂದು ದೊಡ್ಡ ಅಳತೆಯ ಶೂ ಕೊಂಡೆ. ನನ್ನ ಬುದ್ಧಿವಂತಿಕೆ ಅಷ್ಟು.

ಎರಡೂ ಕಿಡ್ನಿ ಹೋಗಿದ್ದವು.

ವಾರಕ್ಕೆ ಮೂರು ಸಲ ಡಯಾಲಿಸಿಸ್. ಬಾಳೆಹಣ್ಣು ಬೇಡ, ಟೊಮೆಟೊ ಬೇಡ, ನೀರನ್ನೂ ಅಳೆದು ಕುಡಿ. ಅಷ್ಟರಲ್ಲಿ ಗದಗಿನಿಂದ ತಮ್ಮನ ಫೋನು. "ಅಕ್ಕಾ, ಅವ್ವ ಹಾಸಿಗಿ ಹಿಡದಾಳ, ನಿನ್ನ ಹೆಸರೇ ಕರಿಯಾಕತ್ಯಾಳ. ಲಗೂನ ಬಾ."

ಹೊರಡುತ್ತೇನೆಂದೆ. ಡಯಾಲಿಸಿಸ್‌ಗೆಂದು ಮೈಗೆ ಹಾಕಿದ ಕ್ಯಾಥೆಟರ್ ನಳಿಗೆಗೆ ಇನ್‌ಫೆಕ್ಷನ್ ಆಗಿದೆ, ಈಗ ಫ್ಲೈಟ್ ಹತ್ತಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಗಂಡನೂ ಅವರ ಪರವೇ ನಿಂತ. "ನೀನೂ ಹೋದ್ರ ನಮಗ್ಯಾರ?" ಎಂದ. ನನ್ನ ಸಿಟ್ಟು ಅವನ ಮೇಲೆ ತಿರುಗಿತು.

ಅವ್ವ ಹೋದಳು.

ಆಗ ನಾನು ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ಮಷೀನಿನ ಪಕ್ಕ ಕೂತಿದ್ದೆ. ಪಕ್ಕದ ಕುರ್ಚಿಯ ಪೇಶಂಟ್ ಯೆಟುಂಡೆ ಆಂಟಿ, ನೈಜೀರಿಯಾದ ಯೊರುಬಾ ಹೆಂಗಸು, ನನ್ನ ಕೈ ಹಿಡಿದರು. ನಿನ್ನ ಮಗಳು ಬಸುರಿಯಲ್ಲವೇ, ಹೆಣ್ಣಾದರೆ ನಿನ್ನ ತಾಯಿಯೇ ಬಂದಳೆಂದು ತಿಳಿ ಎಂದರು. ಅವರ ಹೆಸರಿಗೇ 'ತಾಯಿ ತಿರುಗಿ ಬಂದಳು' ಎಂಬ ಅರ್ಥವಂತೆ. ಅಜ್ಜಿ ತೀರಿಕೊಂಡ ಮೇಲೆ ಹುಟ್ಟಿದ್ದಕ್ಕೆ ಇಟ್ಟ ಹೆಸರು. ತಪ್ಪದೆ ಚರ್ಚಿಗೆ ಹೋಗುವವರು, ಆದರೂ ಸತ್ತ ಹಿರಿಯರು ಮೇಲಿನ ಲೋಕದಲ್ಲೂ ಇರುತ್ತಾರೆ, ಮನೆಯ ಕೂಸಾಗಿ ಇಲ್ಲಿಗೂ ಬರುತ್ತಾರೆ ಎಂದು ನಂಬಿದ್ದರು.

ನನಗೆ ರೇಗಿತು. ನಾವು ಲಿಂಗಾಯತರು, ನಮ್ಮಲ್ಲಿ ಹೋದವರು ಶಿವನಲ್ಲಿ ಸೇರುತ್ತಾರೆ, ತಿರುಗಿ ಬರುವುದಿಲ್ಲ ಎಂದು ಒದರಿದೆ. ಸಮಾಧಾನ ಹೇಳುವವರ ಗಂಟೇನು ಹೋಗುತ್ತದೆ? ನನಗೆ ಬೇಕಿದ್ದದ್ದು ಅವ್ವನ ಮುಖ ನೋಡುವುದು, ಒಂದು ಹಿಡಿ ಮಣ್ಣು ಹಾಕುವುದು. ಅಷ್ಟೂ ಆಗಲಿಲ್ಲ.

ಮಗಳು ಹತ್ತಿರದ ಊರು ಲಿವೋನಿಯಾದಲ್ಲಿ ಹೆತ್ತಳು. ಹೆಣ್ಣು. ಕೆಲವು ವಾರಗಳ ನಂತರ ನನ್ನನ್ನು ಡಯಾಲಿಸಿಸ್‌ನಿಂದ ಮನೆಗೆ ಕರೆದೊಯ್ಯಲು ಕೂಸನ್ನೆತ್ತಿಕೊಂಡೇ ಬಂದಳು. ವೇಟಿಂಗ್ ರೂಮಿನಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ಎತ್ತಿಕೊಂಡು, "ಅಳಬ್ಯಾಡ ನಮ್ಮವ್ವಾ, ಸುಮ್ನಿರು ನನ್ನ ತಾಯಿ" ಎಂದು ರಮಿಸಿದೆ.

ಏನಂದೆ ಎಂದು ಅಲ್ಲೇ ಕೂತಿದ್ದ ಆಂಟಿ ಕೇಳಿದರು. ಹೆಣ್ಣುಕೂಸನ್ನು ನಮ್ಮಲ್ಲಿ ತಾಯಿ ಎಂದೇ ಮುದ್ದಿಸುವುದು ಎಂದು ಮಗಳು ಇಂಗ್ಲಿಷಿನಲ್ಲಿ ಹೇಳಿದಳು.

ಆಂಟಿ ವಾದ ಮಾಡಲಿಲ್ಲ. ಅವರಲ್ಲಿ ಹೆಂಗಸರು ಹಿರಿಯರನ್ನು ಕಂಡರೆ ಮಂಡಿಯೂರುತ್ತಾರೆ. ಆಂಟಿಯ ಕಾಲೂ ಊದಿತ್ತು, ಆದರೂ ಕುರ್ಚಿಯ ಹಿಡಿ ಹಿಡಿದುಕೊಂಡು ನಿಧಾನಕ್ಕೆ ಕೆಳಗಿಳಿದು ಕೂಸಿನ ಮುಂದೆ ಮಂಡಿಯೂರಿದರು. "ವೆಲ್‌ಕಮ್, ಮಾ."

ನಾನು ಈಗಲೂ ನಂಬುವುದಿಲ್ಲ. ಆದರೆ ಆ ಹೊತ್ತಿಗೆ ಕೂಸಿನ ಕಿವಿಯ ಹತ್ತಿರ ಬಾಗಿ, ಹೇಳಲಾಗದೆ ಉಳಿದದ್ದನ್ನು ಹೇಳಿಬಿಟ್ಟೆ.

"ನನಗ ಬರಾಕ ಆಗ್ಲಿಲ್ಲ, ಯವ್ವಾ."