ಟರ್ಕಿ ಕುಯ್ಯುವ ಚಾಕು ಯಾರ ಕೈಗೆ?

ಆಗ ನನಗೆ ನಲವತ್ತೆರಡು. ನಲವತ್ತು ವರ್ಷದ ಹಿಂದಿನ ಮಾತು. ಅಮೆರಿಕದ ಓಕ್ಲ್ಯಾಂಡಿನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಅಡಿಗೆಮನೆಯಲ್ಲಿ ಓವನ್ ಬಾಗಿಲಿಗೆ ಅಡ್ಡ ನಿಂತಿದ್ದೆ, ಗಂಡ ಅದನ್ನು ತೆರೆಯದಂತೆ.

ಒಳಗಿದ್ದದ್ದು ಟರ್ಕಿ, ನಮ್ಮ ಕೋಳಿಯ ನಾಲ್ಕರಷ್ಟು ದೊಡ್ಡ ಹಕ್ಕಿ, ಇಡಿಯಾಗಿ. ಅಂದು ಥ್ಯಾಂಕ್ಸ್‌ಗಿವಿಂಗ್, ಇಲ್ಲಿಯವರು ಮನೆಮಂದಿಯೆಲ್ಲ ಕೂಡಿ ಟರ್ಕಿ ತಿನ್ನುವ ಹಬ್ಬ. ಅದು ಒಣಗಿದರೆ ನನ್ನ ಕೆಲಸ ಕೆಟ್ಟ ಹಾಗೆ.

ಹಿಂದಿನ ವರ್ಷ ನಮ್ಮ ಮನೆಯ ಬಾಡೂಟದಲ್ಲಿ ಮೈದುನ ರಾಜಣ್ಣನ ತಟ್ಟೆಗೆ ಬರೀ ಮೂಳೆ ಬಿದ್ದಿತ್ತು. ಬಡಿಸಿದವರು ನನ್ನ ಗಂಡ. ಬೇಕೆಂದೇ ಹಾಕಿದ ಎಂದು ತಮ್ಮ, ಕೈಗೆ ಸಿಕ್ಕಿದ್ದು ಹಾಕಿದೆ ಎಂದು ಅಣ್ಣ. ನಮ್ಮ ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಬಾಡಿನ ತುಂಡಿನ ವಿಷಯಕ್ಕೆ ಅಲ್ಲಿ ಮದುವೆಗಳೇ ಮುರಿದಿವೆ. ವಿಮಾನ ಹತ್ತಿ ಬಂದ ಮಾತ್ರಕ್ಕೆ ಈ ಬುದ್ಧಿ ಹೋಗುತ್ತದೆಯೇ? ಇನ್ನು ನಿಮ್ಮ ಮನೆಯ ನೀರೂ ಮುಟ್ಟಲ್ಲ ಎಂದು ರಾಜಣ್ಣ ಎದ್ದು ಹೋದ. ಅವನ ಹೊಸ್ತಿಲು ತುಳಿಯಬೇಡ ಎಂದು ಗಂಡ ನನಗೆ ಹೇಳಿದರು.

ಈಗ ರಾಜಣ್ಣನ ಹೆಂಡತಿ ಸುಶೀಲಳಿಗೆ ದಿನ ತುಂಬಿತ್ತು. ಮೊದಲ ಹೆರಿಗೆ. ನಮ್ಮಿಂದ ಗಂಟೆ ದಾರಿಯ ಲಿವರ್‌ಮೋರ್‌ನಲ್ಲಿ ಹಗಲೆಲ್ಲ ಒಬ್ಬಳೇ, ಡ್ರೈವಿಂಗ್ ಬಾರದು, ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಬಾಣಂತನ ಯಾರು ಮಾಡಬೇಕು? ಗಂಡಸರ ಮೂಳೆ ಜಗಳಕ್ಕೆ ಆ ಹುಡುಗಿ ಸಾಯಬೇಕೇ, ನೀವೇ ಹೇಳಿ.

ರಾಜಣ್ಣನಿಗೆ ಫೋನು ಮಾಡಿದೆ. "ಇದು ನಮ್ ಹಬ್ಬ ಅಲ್ಲ ಕಣಪ್ಪ, ಈ ದೇಶದೋರ್ದು. ನಿನ್ ಆಣೆ ಇದಕ್ಕೆ ತಗಲಲ್ಲ. ಸುಶೀಲನ್ನ ಕರ್ಕೊಂಡು ಬಾ."

ಎಷ್ಟು ಗಂಟೆಗೆ ಎಂದು ಕೇಳಿದ.

ಅವನು ನಮ್ಮ ಮನೆಯಲ್ಲಿ ಉಂಡರೆ ನಾನು ಬಾಣಂತನಕ್ಕೆ ಅವನ ಮನೆಗೆ ಹೋಗಬಹುದು. ಉಣ್ಣದೆ ಎದ್ದರೆ ಮುಗಿಯಿತು.

ನಾನು ಟರ್ಕಿ ಮಾಡಿದವಳಲ್ಲ. ಪಕ್ಕದ ಮನೆಯ ಡೋರಾಳನ್ನು ಕೇಳಿದೆ (ಪ್ಯಾಕೆಟ್ಟಿನ ಇಂಗ್ಲಿಷು ಓದುವಷ್ಟು ಕಲಿತಿರಲಿಲ್ಲ). ಹಿಂದಿನ ದಿನವೇ ಒಳಗೂ ಹೊರಗೂ ಉಪ್ಪು ಸವರಿ ಫ್ರಿಜ್ಜಿನಲ್ಲಿಡು, ತೊಗಲಿನ ಕೆಳಗೆ ಬೆಣ್ಣೆ ಹಚ್ಚು, ಬೇಯುವಾಗ ಬಾಗಿಲು ತೆಗೆಯುತ್ತಿರಬೇಡ ಎಂದಳು. ಬೆಂದು ಹೊರಗೆ ಬಂದ ಮೇಲೂ ಅರ್ಧ ಗಂಟೆ ಮುಟ್ಟಬಾರದಂತೆ. ಬಿಸಿಯಲ್ಲೇ ಕುಯ್ದರೆ ರಸವೆಲ್ಲ ಸೋರಿ ಮಾಂಸ ತೆಂಗಿನ ನಾರಾಗುತ್ತದೆ. ಮಸಾಲೆ? ಬೇಡವಂತೆ. ನನಗೇ ನಂಬಿಕೆ ಬರಲಿಲ್ಲ.

ಗಂಡನಿಗೆ ಎಲ್ಲಿಂದ ಬರಬೇಕು? ಉಪ್ಪು ನೋಡಬೇಕು, ಚುಚ್ಚಿ ನೋಡಬೇಕು, ನೀರು ಚಿಮುಕಿಸಬೇಕು. ಮುಚ್ಚಳ ಎತ್ತಿ ನೋಡದೆ ನಮ್ಮ ಜನಕ್ಕೆ ಅಡಿಗೆ ಮಾಡಿದ ಹಾಗೇ ಆಗುವುದಿಲ್ಲ. ನಾನು ಜಾಗ ಬಿಡಲಿಲ್ಲ.

ಟರ್ಕಿ ಹೊರಗೆ ಬರುವುದಕ್ಕೂ ರಾಜಣ್ಣ ಒಳಗೆ ಬರುವುದಕ್ಕೂ ಸರಿಹೋಯಿತು. ಅಣ್ಣ ತಮ್ಮ ಮುಖ ನೋಡಿಕೊಳ್ಳಲಿಲ್ಲ. ಸುಶೀಲ ಕುರ್ಚಿಯ ತುದಿಯಲ್ಲಿ ಕೂತಳು, ಕಾಲು ಊದಿತ್ತು. ಟೇಬಲ್ಲಿನ ನಡುವೆ ಟರ್ಕಿ. ಯಾರೂ ಮುಟ್ಟುವಂತಿಲ್ಲ.

"ಊಟಕ್ಕೆ ಕರ್ದು ಕಾಯ್ಸೋದು ಈ ಮನೇಲಿ ಹೊಸ ಪದ್ಧತಿನಾ ಅತ್ಗೆ?" ಎಂದ ರಾಜಣ್ಣ, ಕಾರಿನ ಕೀ ಕೈಯಲ್ಲಿ ಆಡಿಸುತ್ತಾ.

ಗಂಡ ಚಾಕುವಿಗೆ ಕೈ ಹಾಕಿದರು. ಕಿತ್ತುಕೊಂಡೆ. ಈಗ ಕುಯ್ದರೆ ನಾರು. ಇವರೇ ಬಡಿಸಿದರೆ ಮತ್ತೆ ಮೂಳೆಯ ಮಾತು.

ಅರ್ಧ ಗಂಟೆ ಆದ ಮೇಲೆ ಚಾಕುವನ್ನು ರಾಜಣ್ಣನ ಮುಂದಿಟ್ಟೆ.

"ನೀನೇ ಕುಯ್ಯಿ. ಯಾರ್ಗೆ ಯಾವ ತುಂಡು ಅಂತ ನೀನೇ ಹಾಕು. ಆಮೇಲೆ ಯಾರ ಮೇಲೂ ದೂರು ಹೇಳ್ಬೇಡ."

ಗಂಡನ ಮುಖ ಕಪ್ಪಿಟ್ಟಿತು. ಹಿರಿಯನ ಮನೆಯಲ್ಲಿ ಕಿರಿಯವನು ಬಡಿಸುವುದೇ? ರಾಜಣ್ಣ ಚಾಕು ನೋಡಿದ, ಬಾಗಿಲು ನೋಡಿದ.

"ರೀ, ನಂಗೆ ಹಸಿವಾಗ್ತೈತೆ" ಎಂದಳು ಸುಶೀಲ.

ಕುಯ್ದ. ರಸ ಇಳಿಯಿತು. ಎದೆಯ ದೊಡ್ಡ ತುಂಡು ಹೆಂಡತಿಗೆ. ಮಾಂಸ ತುಂಬಿದ ಕಾಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತ, ಆಮೇಲೆ ಅಣ್ಣನ ತಟ್ಟೆಗೆ ಹಾಕಿದ.

ಅಣ್ಣ ತಿಂದರು. ಖಾರ ಇಲ್ಲ ಎಂದರು, ಗೋಡೆಗೆ ಹೇಳಿದಂತೆ. ಇಲ್ಲ ಎಂದ ತಮ್ಮ. ವರ್ಷದ ಮೇಲೆ ಆಡಿದ ಮಾತು ಅಷ್ಟೇ. ರಾಜಿಗೀಜಿ ಆಗಲಿಲ್ಲ, ಯಾರೂ ಅಳಲಿಲ್ಲ. ಇಬ್ಬರೂ ಎರಡನೇ ಸಲ ಹಾಕಿಕೊಂಡರು. ನನಗೆ ಅದು ಸಾಕಿತ್ತು.

ಮರುದಿನ ಬೆಳಗ್ಗೆ ಬಾಣಂತಿಗೆ ಬೇಕಾದ ಬೆಳ್ಳುಳ್ಳಿ, ಮೆಣಸು, ಹಳೆ ಹತ್ತಿ ಸೀರೆಗಳ ಗಂಟನ್ನು ಕಾರಿನ ಹಿಂದಿನ ಸೀಟಿಗೆ ಹಾಕಿ, ಗಂಡನನ್ನು ಎಬ್ಬಿಸಿ, ಲಿವರ್‌ಮೋರ್‌ಗೆ ಬಿಟ್ಟು ಬನ್ನಿ ಎಂದೆ. ನಾನು ಕೇಳಿಕೊಳ್ಳಲಿಲ್ಲ, ಹೇಳಿದೆ.