ಹರಿಯಬೇಕಾದ ಹೊಲಿಗೆ

ಬೆಳಗಿನ ಆರೂಕಾಲು. ತುಮಕೂರಿನ ಹೊರಗೆ, ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಒಂದು ಉದ್ದನೆಯ ಶೆಡ್ಡಿನಲ್ಲಿ ಕೆಂಪು ಸ್ಪೋರ್ಟ್ಸ್ ಕಾರೊಂದು ನಿಂತಿದೆ. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿರುವ ಮೈ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು. ಅದರ ಎಡಗಡೆಯ ಸೀಟನ್ನು ಆಗಲೇ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಾರೆ. ಐವತ್ತನಾಲ್ಕು ವರ್ಷದ ಹಮೀದಾ ಅದರ ಮುಂದೆ ಸ್ಟೂಲಿನ ಮೇಲೆ ಕೂತು, ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಬಿಸ್ಮಿಲ್ಲಾ ಎಂದು ಬ್ಲೇಡಿನ ತುದಿಯನ್ನು ಮೊದಲ ಹೊಲಿಗೆಗೆ ತಾಗಿಸುತ್ತಾರೆ. ಚರ್ಮ ಸದ್ದಿಲ್ಲದೆ ಬಾಯಿ ತೆರೆಯುತ್ತದೆ.

ನನ್ನ ಬಾಯಿಂದ ‘ಶಿವಶಿವಾ’ ಎಂಬ ಮಾತು ತಾನಾಗಿ ಹೊರಡುತ್ತದೆ.

“ಎದೆ ಧಸಕ್ ಅಂತಾ ಸಾರ್?” ಹಮೀದಾ ತಿರುಗದೆಯೇ ನಗುತ್ತಾರೆ. “ಮೊದಲನೇ ದಿನ ಎಲ್ಲಾರಿಗೂ ಹಂಗೇ. ನಂಗೂ ಬ್ಲೇಡು ಹಾಕೋಕೆ ಮನಸ್ಸೇ ಬರ್ಲಿಲ್ಲ. ಹೊಸಾ ಕಾರು, ವಾಸನೆ ಕೂಡ ಹೋಗಿಲ್ಲ, ಇದನ್ನ ಯಾಕೆ ಹರೀತಾರೆ ಇವ್ರು, ತಲೆ ನೆಟ್ಟಗಿದೆಯಾ ಅಂದ್ಕೊಂಡಿದ್ದೆ.”

ನನ್ನ ಪ್ರಶ್ನೆಯೂ ಅದೇ. ಉತ್ತರ ಹೇಳುವವರು ಇಲ್ಲಿನ ಎಂಜಿನಿಯರ್ ಶಶಿರೇಖಾ. ಅವರ ಕಂಪನಿ ಹೊಸದೊಂದು ಸ್ಪೋರ್ಟ್ಸ್ ಕಾರು ತಯಾರಿಸುತ್ತಿದೆ. ಲೇಖನದಲ್ಲಿ ಕಂಪನಿಯ ಹೆಸರು ಬರೆಯಕೂಡದು ಎಂಬ ಷರತ್ತಿನ ಮೇಲೆ ನನ್ನನ್ನು ಒಳಗೆ ಬಿಟ್ಟಿದ್ದಾರೆ. ಎದುರಾಳಿ ಕಂಪನಿಯ ಕಾರನ್ನು ಎಲ್ಲರಂತೆ ಶೋರೂಮಿನಲ್ಲೇ ಕೊಳ್ಳುತ್ತಾರೆ. ಕೆಲವು ವಾರ ಓಡಿಸುತ್ತಾರೆ. ತಿರುವಿನಲ್ಲಿ ಎಷ್ಟು ವಾಲುತ್ತದೆ, ಬ್ರೇಕ್ ಹಿಡಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ, ಬಾಗಿಲು ಹಾಕಿದಾಗ ಎಂಥ ಸದ್ದು ಬರುತ್ತದೆ, ಎಲ್ಲವನ್ನೂ ಅಳೆಯುತ್ತಾರೆ. ಆಮೇಲೆ ಇಲ್ಲಿಗೆ ತಂದು ಕೊನೆಯ ತಿರುಪಿನವರೆಗೆ ಬಿಚ್ಚುತ್ತಾರೆ. ಪ್ರತಿಯೊಂದು ಬಿಡಿಭಾಗವನ್ನೂ ತೂಗಿ, ಫೋಟೊ ತೆಗೆದು, ಚೀಟಿ ಕಟ್ಟಿ ಮೇಜುಗಳ ಮೇಲೆ ಸಾಲಾಗಿ ಇಡುತ್ತಾರೆ. ಶೆಡ್ಡಿನ ಆ ತುದಿಯಲ್ಲಿ ಹೋದ ತಿಂಗಳ ಕಾರು ಹಾಗೇ ಹರಡಿಕೊಂಡಿದೆ. ಗಂಟೆಗೆ ಮುನ್ನೂರು ಕಿಲೋಮೀಟರ್ ಓಡಬಲ್ಲ ಗಾಡಿ ಸಂತೆಯ ತರಕಾರಿಯಂತೆ ಬಿದ್ದಿರುವುದನ್ನು ನೋಡಿದರೆ ದಿಗಿಲಾಗುತ್ತದೆ.

“ನಕಲು ಮಾಡೋಕಲ್ಲ ಸರ್,” ಎನ್ನುತ್ತಾರೆ ಶಶಿರೇಖಾ. “ಅವರು ಯಾಕೆ ಹೀಗೆ ಮಾಡಿದ್ರು ಅಂತ ತಿಳ್ಕೊಳ್ಳೋಕೆ. ಏನು ಮಾಡಿದ್ರು ಅನ್ನೋದು ಕಣ್ಣಿಗೆ ಕಾಣುತ್ತೆ. ಯಾಕೆ ಅನ್ನೋದು ಕಾಣಲ್ಲ.”

ಹಮೀದಾ ಅವರ ಪಾಲಿಗೆ ಬರುವುದು ಸೀಟು. ಇಂದಿನ ಸೀಟಿನ ಹೊದಿಕೆಯಲ್ಲಿ ನಲವತ್ತೊಂದು ತುಂಡು ಚರ್ಮ. ಇಂಚಿಗೆ ಏಳು ಹೊಲಿಗೆ, ತಿರುವಿನಲ್ಲಿ ಎಂಟು. ಹೊದಿಕೆಯ ತೂಕ ಒಂದು ಕಿಲೋ ಮುನ್ನೂರ ಹತ್ತು ಗ್ರಾಂ. ಒಂದು ಸೀಟು ಬಿಚ್ಚಲು ಎರಡು ದಿನ, ಪರೀಕ್ಷೆಗೆಂದು ಅದೇ ಅಳತೆಯಲ್ಲಿ ಇನ್ನೊಂದು ಹೊದಿಕೆ ಹೊಲಿಯಲು ನಾಲ್ಕು ದಿನ. ಬಿಚ್ಚುವ ಕೆಲಸಕ್ಕೆ ಅವರು ಆರಿಸಿಕೊಳ್ಳುವುದು ಈ ಹೊತ್ತನ್ನೇ. ಪೂರ್ವದ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಸೂಜಿಯ ತೂತುಗಳಿಗೆ ನೆರಳು ಕಟ್ಟುತ್ತದಂತೆ. ಟ್ಯೂಬ್‌ಲೈಟು ಆ ನೆರಳನ್ನು ಅಳಿಸಿಹಾಕುತ್ತದೆ.

ಹಮೀದಾ ಗುಬ್ಬಿಯವರು. ಮದುವೆಯಾಗಿ ತುಮಕೂರಿಗೆ ಬಂದರು. ಪತಿ ಹಬೀಬ್ ಸಾಬ್ ಅವರದು ಸೀಟ್ ಕವರ್ ಅಂಗಡಿ. ಲಾರಿ, ಆಟೊ, ಕಾರು, ಯಾವುದು ಬಂದರೂ ಅಳತೆ ತೆಗೆಯುವುದು ಅವರು, ಹೊಲಿಯುವುದು ಇವರು. ಪ್ರತಿ ಗಾಡಿಗೂ ಖಾಕಿ ಕಾಗದದಲ್ಲಿ ಅಚ್ಚು ಕತ್ತರಿಸಿ, ಮೇಲೆ ಮಾಲೀಕರ ಹೆಸರು ಬರೆದು ಗೋಡೆಯ ಮೊಳೆಗೆ ತೂಗುಹಾಕುವುದು ಆ ಅಂಗಡಿಯ ಪದ್ಧತಿ. ಇಪ್ಪತ್ತೆರಡು ವರ್ಷ ಹಾಗೆ ನಡೆಯಿತು. ಸಕ್ಕರೆ ಕಾಯಿಲೆ ಹಬೀಬ್ ಸಾಬ್ ಅವರ ಕಣ್ಣನ್ನು ಮಸುಕು ಮಾಡಿದಾಗ ಅಂಗಡಿ ಮುಚ್ಚಿತು, ಅಚ್ಚುಗಳು ಮನೆಯ ಗೋಡೆಗೆ ಬಂದವು. ನಾಲ್ಕು ವರ್ಷದ ಹಿಂದೆ ಹಮೀದಾ ಈ ಶೆಡ್ಡಿಗೆ ಬಂದರು.

“ನಮ್ಮ ಅಂಗಡಿ ಹೊಲಿಗೆ ಹರಿಯಲ್ಲ ಅಂತ ಕುಣಿಗಲ್‌ವರೆಗೂ ಹೆಸರಿತ್ತು ಸಾರ್,” ಎನ್ನುತ್ತಾರೆ. “ಆ ಹೆಸರೇ ನಂಗೆ ಮುಳುವಾಯ್ತು.”

ಬಂದ ಮೊದಲ ವರ್ಷ. ವಿದೇಶಿ ಸ್ಪೋರ್ಟ್ಸ್ ಕಾರಿನ ಸೀಟೊಂದನ್ನು ಬಿಚ್ಚುತ್ತಿದ್ದಾಗ, ಬೆನ್ನಿನ ಭಾಗದ ಹೊರ ಅಂಚಿನಲ್ಲಿ ಗೇಣುದ್ದದ ಹೊಲಿಗೆ ಬೇರೆ ದಾರದಲ್ಲಿ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಬಣ್ಣ ಅದೇ, ಆದರೆ ಎಳೆ ತೆಳು. ಎಳೆದರೆ ಪಟ್ ಎನ್ನುತ್ತಿತ್ತು.

“ದಾರ ಮುಗಿದೋಗಿರ್ಬೇಕು, ಸಿಕ್ಕಿದ್ದು ಹಾಕಿ ಮುಗ್ಸವ್ನೆ, ಸೋಂಬೇರಿ ಅಂದ್ಕೊಂಡೆ. ಇಷ್ಟು ದೊಡ್ಡ ಕಂಪನಿಯೋರೂ ಕಳ್ಳಗೆಲಸ ಮಾಡ್ತಾರಲ್ಲ ಅಂತ ನಗು ಬಂತು. ನಾನು ಹೊಲಿದಾಗ ಅಲ್ಲಿ ಗಟ್ಟಿ ದಾರ ಹಾಕಿ ಎರಡು ಸಾಲು ಓಡಿಸಿದೆ. ಯಾರಿಗೂ ಹೇಳ್ಲಿಲ್ಲ. ಉಪಕಾರ ಮಾಡ್ದೆ ಅಂತ ಖುಷಿ.”

ಆ ಸೀಟಿನಲ್ಲಿ ಮನುಷ್ಯನ ತೂಕದ ಗೊಂಬೆ ಕೂರಿಸಿ, ಒಳಗಿನ ಏರ್‌ಬ್ಯಾಗ್ ಸಿಡಿಸುವ ಪರೀಕ್ಷೆ ನಡೆಯಿತು. ಪಕ್ಕದಿಂದ ಗಾಡಿ ಗುದ್ದಿದಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬಂದು ಪಕ್ಕೆಯನ್ನು ಕಾಯಬೇಕಾದ ಗಾಳಿಚೀಲ ಅದು. ಶಶಿರೇಖಾ ಆ ವಿಡಿಯೊವನ್ನು ನಿಧಾನಗೊಳಿಸಿ ನನಗೂ ತೋರಿಸುತ್ತಾರೆ. ಸೀಟಿನ ಅಂಚು ಬಲೂನಿನಂತೆ ಉಬ್ಬುತ್ತದೆ. ಎರಡು ಸಾಲಿನ ಹೊಲಿಗೆ ಬಿಡುವುದಿಲ್ಲ. ಚೀಲ ದಾರಿ ಸಿಗದೆ ಬೆನ್ನಿನ ಕಡೆಗೆ ನುಗ್ಗಿ ಗೊಂಬೆಯನ್ನು ಮುಂದಕ್ಕೆ ಎಸೆಯುತ್ತದೆ. ಗೊಂಬೆಯ ಪಕ್ಕೆ ಬರಿದಾಗಿಯೇ ಉಳಿಯುತ್ತದೆ. ಆ ತೆಳು ದಾರ ಹರಿಯಲೆಂದೇ ಹಾಕಿದ ದಾರ. ಅದು ಹರಿದರೆ ಮನುಷ್ಯ ಉಳಿಯುತ್ತಾನೆ.

“ತಪ್ಪು ಗೊತ್ತಾಗಲಿ ಅಂತಾನೇ ಪರೀಕ್ಷೆ ಇರೋದು, ಬಿಡಿ ಅಂದೆ,” ಶಶಿರೇಖಾ ನೆನೆಯುತ್ತಾರೆ. “ಇವರು ಗೋಡೆಗೆ ಒರಗಿಬಿಟ್ರು. ‘ಇದೇ ಗಟ್ಟಿ ದಾರ ಊರ್ ತುಂಬಾ ಹಾಕಿದೀನಲ್ಲ ಮೇಡಂ’ ಅಂದ್ರು. ಆಗ ನಂಗೂ ಭಯ ಆಯ್ತು.”

ಏಕೆಂದರೆ ಇಂಥ ಏರ್‌ಬ್ಯಾಗ್ ಇರುವುದು ಸ್ಪೋರ್ಟ್ಸ್ ಕಾರಿನಲ್ಲಿ ಮಾತ್ರವಲ್ಲ. ನಮ್ಮ ನಿಮ್ಮ ಮನೆಯ ಎಷ್ಟೋ ಕಾರುಗಳ ಸೀಟಿನಲ್ಲೂ ಇದೆ. ಅವುಗಳ ಮೇಲೆ ಎಂದೂ ಹರಿಯದ ಕವರನ್ನು ಸುತ್ತಲೂ ಬಿಗಿದು ಹೊಲಿದವರು ಹಮೀದಾ. ಆ ಕಾರುಗಳು ಇನ್ನೂ ರಸ್ತೆಯ ಮೇಲಿದ್ದವು. ಅವನ್ನು ಹುಡುಕಿ ಹೊಲಿಗೆ ಬಿಚ್ಚಿ ಬರುತ್ತೇನೆಂದು ಹಮೀದಾ ಮನೆಯಲ್ಲಿ ಹೇಳಿದರು.

“ನಾನೇ ಬೇಡ ಅಂದೆ ಸ್ವಾಮಿ,” ತುಮಕೂರಿನ ಸದಾಶಿವನಗರದ ಮನೆಯಲ್ಲಿ ಹಬೀಬ್ ಸಾಬ್ ಮುಚ್ಚಿಡದೆ ಹೇಳುತ್ತಾರೆ. “ಮನೆಮನೆಗೆ ಹೋಗಿ ನಮ್ಮ ಕೆಲಸ ಕೆಟ್ಟದ್ದು ಅಂತ ಸಾರೋದಾ, ಮರ್ಯಾದೆ ಏನಾಗ್ಬೇಕು ಅಂತ ರೇಗಾಡಿದೆ. ಇವಳು ಎದುರು ಮಾತಾಡ್ಲಿಲ್ಲ. ಅನ್ನ ಮುಟ್ಟೋದು ಬಿಟ್ಳು. ಮೂರನೇ ದಿನ ನಾನೇ ಗೋಡೆ ತಡವಿಕೊಂಡು ಹೋಗಿ ಅಚ್ಚು ಇಳಿಸ್ದೆ. ಕಣ್ಣು ಕಾಣ್ದಿದ್ರೂ ಯಾವ ಅಚ್ಚು ಯಾವ ಗಾಡೀದು ಅಂತ ಬೆರಳಿಗೆ ಗೊತ್ತಾಗ್ತದೆ.”

“ಬಾಯಿಗೆ ಮಾತ್ರ ಬ್ರೇಕಿಲ್ಲ,” ಎಂದು ಹಮೀದಾ ಒಳಗಿಂದ ಸೇರಿಸುತ್ತಾರೆ.

ಇನ್ನೂರಕ್ಕೂ ಹೆಚ್ಚು ಅಚ್ಚುಗಳಲ್ಲಿ ಸೀಟಿನ ಏರ್‌ಬ್ಯಾಗ್ ಇರುವ ಗಾಡಿಗಳವು ನಲವತ್ತೇಳು. ಮೂರು ವರ್ಷದಿಂದ ಪ್ರತಿ ಭಾನುವಾರ ಹಮೀದಾ ಆ ಕಾರುಗಳನ್ನು ಹುಡುಕಿಕೊಂಡು ಬಸ್ಸು ಹತ್ತುತ್ತಾರೆ. ನಲವತ್ತಾರು ಸಿಕ್ಕಿವೆ. ಒಂದು ಉಳಿದಿದೆ. ಅದರ ಅಚ್ಚಿನ ಮೇಲೆ ‘ಅಡವಿಯಪ್ಪ, ಬಿಳಿ ಕಾರು’ ಎಂದಷ್ಟೇ ಇದೆ, ಊರಿಲ್ಲ. ಗುಬ್ಬಿಯಲ್ಲಿ ಸಿಕ್ಕ ಅಡವಿಯಪ್ಪನವರ ಹತ್ತಿರ ಇದ್ದದ್ದು ಹಳೆಯ ಮೊಪೆಡ್. ಕೊತ್ತಗೆರೆಯ ಅಡವಿಯಪ್ಪನವರು ಜನ್ಮದಲ್ಲಿ ಕಾರು ಹತ್ತಿದವರಲ್ಲ. ಕಾಫಿ ಕೊಟ್ಟು, ಅಮೃತೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡುವ ತಮ್ಮದೇ ಹೆಸರಿನವರೊಬ್ಬರ ಗುರುತು ಹೇಳಿ ಕಳಿಸಿದರು.

ಈ ಭಾನುವಾರ ನಾನೂ ಜೊತೆಗೆ ಹೊರಡುತ್ತೇನೆ. ಅಮೃತೂರಿನಲ್ಲಿ ಖಾಸಗಿ ಬಸ್ಸಿಳಿದು ಹತ್ತು ಹೆಜ್ಜೆ ಹಾಕುವಷ್ಟರಲ್ಲಿ, ಮನೆಯ ಮುಂದೆ ಬಿಳಿ ಕಾರು. ಹಮೀದಾ ಗಾಜಿಗೆ ಹಣೆಯೊತ್ತಿ ಒಳಗೆ ನೋಡುತ್ತಾರೆ. ಅವರದೇ ಹೊಲಿಗೆ.

“ಓಹೋ, ಕವರ್ ಹೊಲ್ದೋರು ನೀವೇನಮ್ಮಾ?” ಹೊರಗೆ ಬಂದು ನಮ್ಮನ್ನು ವಿಚಾರಿಸಿದ ಅಡವಿಯಪ್ಪನವರಿಗೆ ಸಂಭ್ರಮ. “ಆರು ವರ್ಸ ಆಯ್ತು, ಒಂದೆಳೆ ಬಿಟ್ಟಿಲ್ಲ! ಕಾಯಿ ಮೂಟೆ ಎಳ್ದಾಡಿದ್ರೂ ಜಪ್ಪಯ್ಯ ಅಂದಿಲ್ಲ!”

“ಅದನ್ನ ಕತ್ತರಿಸೋಕೆ ಬಂದಿದೀನಿ ಅಣ್ಣ.”

“ಚೆನ್ನಾಗಿರೋದ್ನ ಕೀಳೋಕೆ ತುಮಕೂರಿಂದ ಬಸ್ಸಲ್ಲಿ ಬಂದಿದೀಯಾ? ಬುಡು ಬುಡು, ತಮಾಸೆ ಬ್ಯಾಡ.”

ಹಮೀದಾ ಚೀಲದಿಂದ ಎರಡು ರೆಕ್ಸಿನ್ ಪಟ್ಟಿ ತೆಗೆಯುತ್ತಾರೆ. ಒಂದು ತಮ್ಮ ದಾರದ್ದು, ಇನ್ನೊಂದು ತೆಳು ದಾರದ್ದು. ಅಡವಿಯಪ್ಪನವರು ಮೊದಲನೆಯದನ್ನು ಹಲ್ಲು ಕಚ್ಚಿ ಎಳೆದು ಸೋಲುತ್ತಾರೆ. ಎರಡನೆಯದು ಅವರ ಹೆಂಡತಿ ಶಿವರುದ್ರಮ್ಮನವರ ಬೆರಳಲ್ಲೇ ಬಿಚ್ಚಿಕೊಳ್ಳುತ್ತದೆ. ಹಮೀದಾ ಉಳಿದದ್ದನ್ನು ಹೇಳುತ್ತಾರೆ. ಗೊಂಬೆಯ ಕತೆಯನ್ನೂ ಬಿಡುವುದಿಲ್ಲ.

ಶಿವರುದ್ರಮ್ಮ ಕಾರಿನ ಎಡ ಬಾಗಿಲನ್ನು ನೋಡುತ್ತಾರೆ. “ಆ ಕಡೆ ಕೂರೋಳು ನಾನಲ್ವೇನ್ರೀ?”

ನನ್ನ ಕಾರಿನ ಎಡ ಸೀಟು ಖಾಲಿಯಾಗಿ ಹತ್ತು ತಿಂಗಳಾಯಿತು. ನನ್ನ ಹೆಂಡತಿ ಹೋದದ್ದು ಕಾಯಿಲೆಯಿಂದ, ಅದಕ್ಕೆ ಯಾವ ದಾರವೂ ಕಾರಣವಲ್ಲ. ಆದರೂ ಆ ಮಾತು ಕೇಳಿ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

“ಕತ್ತರಿಸಮ್ಮ,” ಎನ್ನುತ್ತಾರೆ ಅಡವಿಯಪ್ಪ. ದನಿ ಇಳಿದಿದೆ. “ಮೊದಲು ಅವಳ ಕಡೇದು.”

ಬಿಸ್ಮಿಲ್ಲಾ ಎಂದು ಬ್ಲೇಡು ಇಳಿಯುತ್ತದೆ. ಅಲ್ಲಿಗೆ ತೆಳು ದಾರ ಹಾಕಬಹುದಲ್ಲ ಎಂದು ನಾನು ಕೇಳಿದರೆ ಹಮೀದಾ ಇಲ್ಲವೆಂದು ತಲೆಯಾಡಿಸುತ್ತಾರೆ. “ಪರೀಕ್ಷೆ ಆಗದ ದಾರ ನಾನು ಹಾಕಲ್ಲ ಸಾರ್. ಕಂಪನಿಯ ತೆಳು ಹೊಲಿಗೆ ಕವರಿನ ಒಳಗೆ ಇದೆ, ಚೀಲ ಬರೋಕೆ ದಾರಿ ಬಿಟ್ಟುಕೊಟ್ರೆ ಸಾಕು.” ಪಕ್ಕದ ತುಂಡನ್ನು ಮೇಲಿಂದ ಕೆಳಗಿನವರೆಗೆ ಕತ್ತರಿಸಿ ತೆಗೆದು, ಅಂಚು ಮಡಿಚಿ ಕೈಹೊಲಿಗೆ ಹಾಕುತ್ತಾರೆ. ಎರಡೂ ಸೀಟಿಗೆ ಒಂದೂವರೆ ಗಂಟೆ. ನಲವತ್ತೇಳನೆಯ ಅಚ್ಚನ್ನು ಮಡಿಚಿ ಚೀಲಕ್ಕೆ ಹಾಕುತ್ತಾರೆ.

ಅಡವಿಯಪ್ಪನವರಿಗೆ ಪೂರ್ತಿ ಸಮಾಧಾನವಿಲ್ಲ. ಕಾರಿನ ಸುತ್ತ ಒಂದು ಸುತ್ತು ಬರುತ್ತಾರೆ. “ಪಕ್ಕದಲ್ಲಿ ಬಾಯಿ ಬಿಟ್ಕೊಂಡಂಗೈತೆ. ನೋಡ್ದೋರು ಇದ್ಯಾವ ದರ್ಜಿ ಅರ್ಧಕ್ಕೇ ಬುಟ್ಟೋದ ಅಂತ ಕೇಳ್ತಾರೆ ಕಣಮ್ಮ. ಏನಂತ ಹೇಳ್ಲಿ?”

ಹಮೀದಾ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಎತ್ತಿಡುತ್ತಾರೆ.

“ನನ್ನ ಹೆಸರೇ ಹೇಳಿ ಅಣ್ಣ. ತುಮಕೂರು ಹಮೀದಾ ಬೇಕಂತಲೇ ಬಿಟ್ಟವಳೆ ಅನ್ನಿ.”