ಬ್ಯಾಂಕಿನವರು ಹೂಂ ಅನ್ನುವವರೆಗೆ

ಚಾಚಾರ ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಕುದಿನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿ ಹುಡುಕಿ ಆದದ್ದು. ಹೆಚ್ಚಿನ ರೇಟಿನ ಆಸೆಗೆ ಬಿದ್ದು ಮೋಸಹೋದರು ಎಂದು ಶಿಡ್ಲಘಟ್ಟದಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆಸೆಬುರುಕನಿಗೆ ಅವಸರವಿರುತ್ತದೆ, ಚಾಚಾರಿಗೆ ಅದೊಂದು ಇರಲೇ ಇಲ್ಲ.

ಅವರು ನನ್ನ ಗೆಳತಿಯ ತಂದೆ, ನಮ್ಮ ಪಕ್ಕದ ಮನೆಯವರು; ರೇಷ್ಮೆ ನೂಲು ತೆಗೆದು ಮಾರುತ್ತಿದ್ದರು. ಹೊರ ಊರಿನ ವ್ಯಾಪಾರಿ ಹಣದ ಬದಲು ಬ್ಯಾಂಕ್ ಡ್ರಾಫ್ಟ್ ಕೊಟ್ಟರೆ ಅವನನ್ನು ಚಹಾಕ್ಕೆ ಕೂರಿಸಿ, ತಾವು ಟೋಪಿ ಹಾಕಿಕೊಂಡು ಸೈಕಲ್ ಹತ್ತಿ ಬ್ಯಾಂಕಿಗೆ ಹೋಗುವರು. ಅಲ್ಲಿ ಖಾತ್ರಿಯಾದ ಮೇಲೆಯೇ ಮಾಲು ಹೊರಗೆ ಬರುತ್ತಿದ್ದುದು.

"ಏನ್ ಭಾಯ್, ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು ನೀವು!" ಎಂದು ಒಬ್ಬ ರೇಗಿಸಿದ್ದ.

"ಚಾ ನಂದು, ಬಿಸ್ಕತ್ತು ನಂದು. ಬ್ಯಾಂಕ್‌ನೋರು ಹೂಂ ಅನ್ನೋವರೆಗೂ ರೇಷ್ಮೆನೂ ನಂದೇ."

ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದ ದಿನಗಳವು. ಅವರ ಜಗುಲಿಯೇ ನನ್ನ ವೇದಿಕೆ. "ಕೂಗಿ ಗೆಲ್ಬೇಡ ಕಣಮ್ಮ ವಕೀಲಮ್ಮ," ಎನ್ನುವರು. "ಎದುರಿಗಿರೋನು ಯಾವ ಪ್ರಶ್ನೆಗೆ ಸಿಟ್ಟಾಗ್ತಾನೋ, ಅದನ್ನೇ ಇನ್ನೊಂದ್ಸಲ ಕೇಳು."

ಗೆಳತಿಗೆ ಚಿಂತಾಮಣಿಯ ಸಂಬಂಧ ನಿಶ್ಚಯವಾಯಿತು. ಮದುವೆಗೆ ತಿಂಗಳಿರುವಾಗ ಬೀಗರು ಒಬ್ಬ ವ್ಯಾಪಾರಿಯನ್ನು ಕರೆತಂದರು. ಮಾರುಕಟ್ಟೆಯ ಗೋಡೆಯ ಮೇಲೆ ಬರೆದಿದ್ದ ಅಂದಿನ ರೇಟೇ ಅವನ ರೇಟು. ಒಂದು ಪೈಸೆ ಹೆಚ್ಚಿರಲಿಲ್ಲ. ನಾನು ಜಗುಲಿಯಲ್ಲೇ ಇದ್ದೆ. ಡ್ರಾಫ್ಟ್ ಕೈಗೆ ಬಂದೊಡನೆ ಚಾಚಾ ಎಂದಿನಂತೆ ಮೊಳೆಯಿಂದ ಟೋಪಿ ತೆಗೆದರು.

"ಎಲ್ಲಿಗೆ?" ಎಂದರು ಬೀಗರು.

"ಬ್ಯಾಂಕಿಗೆ. ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀನಿ."

ಬೀಗರ ಮುಖ ಕೆಂಪಾಯಿತು. "ನಾನು ಕರ್ಕೊಂಡ್ ಬಂದಿರೋ ಮನುಷ್ಯನ್ನ ಬ್ಯಾಂಕಲ್ಲಿ ವಿಚಾರಿಸ್ತೀರಾ? ಅಷ್ಟು ಅನುಮಾನ ಇದ್ರೆ ನಮ್ಮನೇಗೆ ಹುಡುಗೀನ ಹೆಂಗ್ ಕಳಿಸ್ತೀರಿ?"

ಚಾಚಾ ಒಳಬಾಗಿಲ ಪರದೆಯತ್ತ ನೋಡಿದರು. ಅದರ ಹಿಂದೆ ಗೆಳತಿಯ ಗಾಜಿನ ಬಳೆ ಸದ್ದಾಯಿತು. ಅವರು ಎರಡನೆಯ ಸಲ ಬ್ಯಾಂಕಿನ ಮಾತೆತ್ತಲಿಲ್ಲ. ಟೋಪಿಯನ್ನು ಮೊಳೆಗೆ ಸಿಕ್ಕಿಸಿ, ರೇಷ್ಮೆ ಮೂಟೆಗಳನ್ನು ತಾವೇ ವ್ಯಾನಿಗೇರಿಸಿದರು.

ಡ್ರಾಫ್ಟ್ ನಕಲಿ. ಆ ಮನುಷ್ಯ ಮತ್ತೆ ಕಾಣಲಿಲ್ಲ. ಚಾಚಾರ ಒಲೆಗಳು ಆರಿದವು, ಚರಕಗಳು ಮಾರಾಟವಾದವು. ಮದುವೆ ಮಾತ್ರ ನಡೆಯಿತು. ಆಮೇಲೆ ಚಾಚಾ ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ಕೂತು, ಅದೇ ಬೆರಳುಗಳನ್ನು ಅವರ ಕುದಿನೀರಿಗೆ ಅದ್ದಿದರು.

"ಬೀಗರೇ ತಡೆದಿದ್ದು ಅಂತ ಯಾಕೆ ಹೇಳಲ್ಲ ಚಾಚಾ? ಊರೆಲ್ಲ ನಿಮ್ಮನ್ನ ಆಸೆಬುರುಕ ಅಂತಿದೆ," ಎಂದು ಜಗಳಕ್ಕೇ ನಿಂತೆ.

"ಹೇಳಿದ್ರೆ ರೇಷ್ಮೆ ವಾಪಸ್ ಬರಲ್ಲಮ್ಮ. ಮಗಳು ಬರ್ತಾಳೆ."



ಎರಡು ವರ್ಷ ಕೆಮ್ಮಿ ಕೆಮ್ಮಿ ಅವರು ಹೋದರು. ಮಣ್ಣು ಮಾಡಿ ಬಂದ ಗಂಡಸರಿಗೆ ಬೀಗರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು: "ಒಳ್ಳೆ ಮನುಷ್ಯ. ಏನ್ ಮಾಡೋದು, ಆಸೆ ಒಂದು ಜಾಸ್ತಿ ಆಯ್ತು."

ಜನ ಚದುರುವವರೆಗೆ ಕಾದೆ. ಒಳಗಿದ್ದ ಗೆಳತಿಗೆ ಕೇಳಿಸದಷ್ಟು ಮೆಲ್ಲಗೆ ಬೀಗರನ್ನು ಒಂದು ಪ್ರಶ್ನೆ ಕೇಳಿದೆ. ಅವರು ಸಿಟ್ಟಾದರು. "ಸಾವಿನ ಮನೇಲಿ ಕೇಳೋ ಮಾತಾ ಇದು?"

ಅದನ್ನೇ ಇನ್ನೊಂದು ಸಲ ಕೇಳಿದೆ.

"ಅವತ್ತು ಚಾಚಾ ಬ್ಯಾಂಕಿಗೆ ಹೋಗಿ ಬಂದಿದ್ರೆ ನಿಮಗೇನು ನಷ್ಟ ಆಗ್ತಿತ್ತು?"